ಶುಗರ್ ಇದ್ದವರು ಮಲಗಿಕೊಳ್ಳಿ

ಯೋಗದಲ್ಲಿ ಎಲ್ಲಕ್ಕಿಂತ ಕಷ್ಟದ ಆಸನ ಯಾವುದು ಎಂದರೆ ಸಾಮಾನ್ಯವಾಗಿ ಶೀರ್ಷಾಸನದ ಹೆಸರು ಬರುತ್ತದೆ. ಸೊಂಟ ಹಿಡಿದವರು ಹಲಾಸನ ಅನ್ನುತ್ತಾರೆ. ನನ್ನನ್ನು ಕೇಳಿದರೆ ಶವಾಸನ. ಕೊನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಮಾಡುವ, ಒಬ್ಬಿಬ್ಬರು ಗೊರಕೆಯನ್ನೂ ಹೊಡೆಯುವ ಶವಾಸನವಲ್ಲ ನಾನು ಹೇಳುತ್ತಿರುವುದು. ಉಳಿದವರೆಲ್ಲ ಸರ್ವಾಂಗಾಸನಕ್ಕೆಂದು ಕಾಲು ಮೇಲೆತ್ತುತ್ತಿರುವಾಗ ನಡುವೆ ಒಬ್ಬರೇ ಬಿದ್ದುಕೊಂಡು ಮಾಡಬೇಕಾದ ಶವಾಸನ. ಅದಕ್ಕೆ ಮುಂಚೆ ಒಂದು ಘೋಷಣೆ ಇರುತ್ತದೆ: “ಬಿಪಿ, ಶುಗರ್, ಕಣ್ಣಿನ ತೊಂದರೆ ಇರೋರು ಇದನ್ನ ಮಾಡಬೇಡಿ, ಆರಾಮಾಗಿ ಮಲಗಿಕೊಳ್ಳಿ.” ಹೇಳುವ ಹುಡುಗಿಯ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ಮುಗಿಯುವುದೇ ತಡ, ಇಡೀ ಸಮುದಾಯ ಭವನ ಕತ್ತು ಹೊರಳಿಸಿ ಯಾರು ಯಾರು ಮಲಗಿದರು ಎಂದು ನೋಡುತ್ತದೆ. ಸರ್ವಾಂಗಾಸನದಲ್ಲಿ ಕತ್ತು ಹೊರಳಿಸಲೇಬಾರದು ಎನ್ನುವುದು ಮೊದಲ ಪಾಠ. ಆ ಪಾಠವನ್ನು ಆ ಗಳಿಗೆಯಲ್ಲಿ ಪಾಲಿಸಿದವರನ್ನು ನಾನು ನೋಡಿಲ್ಲ.

ಈ ಜನಗಣತಿಯ ದೋಷವೇನೆಂದರೆ ಅದು ಯಾವತ್ತೂ ಸರಿಯಾದ ಲೆಕ್ಕ ಕೊಡುವುದಿಲ್ಲ. ನನ್ನ ಎಡಗಡೆ ಮ್ಯಾಟಿನ ಅಕ್ಕ ‘ಬಿಪಿ’ ಎನ್ನುವ ಹೊತ್ತಿಗೇ ಮಲಗಿ, ‘ಕಣ್ಣು’ ಎನ್ನುವ ಹೊತ್ತಿಗೆ ಕಣ್ಣು ಮುಚ್ಚಿರುತ್ತಾರೆ. ಬಲಗಡೆಯವರು ಮಾತ್ರ ಮೂರೂ ಪದಗಳನ್ನು ಕೇಳಿಸಿಕೊಂಡು, ತಮಗೆ ಯಾವುದೂ ಸಂಬಂಧವಿಲ್ಲವೆಂಬ ಗಾಂಭೀರ್ಯದಿಂದ ಎರಡೂ ಕಾಲನ್ನು ಸೂರಿಗೆ ಎತ್ತುತ್ತಾರೆ. ಅವರಿಗೆ ಸಂಬಂಧ ಇದೆ ಎನ್ನುವುದು ನನಗೆ ಗೊತ್ತು. ಒಂದು ಸಂಜೆ ಹೆಪ್ಪಿಗೆ ಮೊಸರು ಕೇಳಲು ಅವರ ಮನೆಗೆ ಹೋದಾಗ ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಪೆನ್ನು ಕಂಡಿತ್ತು. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು. ಆಮೇಲೆ ನಾವಿಬ್ಬರೂ ಬಹಳ ಹೊತ್ತು ಮೊಸರಿನ ವಿಚಾರ ಮಾತಾಡಿದೆವು.

ನಾನೇನು ಮಾಡುತ್ತಿದ್ದೆ ಎಂದರೆ, ಮಲಗುತ್ತಲೂ ಇರಲಿಲ್ಲ, ಕಾಲು ಎತ್ತುತ್ತಲೂ ಇರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಎದ್ದು ಮೂಲೆಯಲ್ಲಿದ್ದ ನೀರಿನ ಕ್ಯಾನಿನ ಕಡೆಗೆ ಹೋಗುತ್ತಿದ್ದೆ. ಒಂದು ದಿನ ಆ ಹುಡುಗಿ ನಗುತ್ತಾ, “ಅದೇನ್ ಮಿಸ್, ಸರ್ವಾಂಗಾಸನ ಅಂದ ತಕ್ಷಣ ನಿಮಗೆ ಬಾಯಾರಿಕೆ ಆಗುತ್ತೆ?” ಅಂದಳು. ಪದೇ ಪದೇ ಬಾಯಾರಿಕೆಯಾಗುವುದು ಯಾವ ಕಾಯಿಲೆಯ ಲಕ್ಷಣ ಎಂದು ಗೋಡೆಯ ಮೇಲೆ ಪೋಸ್ಟರ್ ಅಂಟಿಸಿದ್ದರು, ಕ್ಯಾನಿನ ಪಕ್ಕದಲ್ಲೇ.

‘ಮಿಸ್’ ಅಂದದ್ದರಿಂದ ನಿಮಗೆ ಹೊಳೆದಿರಬಹುದು. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತಳಾದವಳು. ಯೋಗ ಹೇಳಿಕೊಡುವವಳು ನನ್ನ ಹಳೆಯ ವಿದ್ಯಾರ್ಥಿನಿ. ಡ್ರಿಲ್ ಪೀರಿಯಡ್ಡಿನಲ್ಲಿ ಹೊಟ್ಟೆನೋವು ಎಂದು ತಿಂಗಳಿಗೆ ನಾಲ್ಕು ಸಲ ಚೀಟಿ ತರುತ್ತಿದ್ದವಳು. ಈಗ ನನ್ನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, “ಮಿಸ್, ಮಂಡಿ ಬಗ್ಗಿಸಬೇಡಿ. ಮಿಸ್, ಉಸಿರು ಬಿಡಿ. ಮಿಸ್, ಅದು ಎಡಗೈ” ಅನ್ನುತ್ತಾಳೆ. ಜೀವಮಾನವಿಡೀ ಇತರರ ಹ್ರಸ್ವ ದೀರ್ಘ ತಿದ್ದಿದವಳಿಗೆ ಎಡಬಲ ತಿದ್ದಿಸಿಕೊಳ್ಳುವುದು ಸುಲಭವಲ್ಲ.

ನಮ್ಮ ಹಿರೇಹಳ್ಳಿಯನ್ನು ನೀವು ನೋಡಿರುತ್ತೀರಿ, ನೋಡಿದ್ದು ಗೊತ್ತಿರುವುದಿಲ್ಲ ಅಷ್ಟೆ. ಬೆಂಗಳೂರಿನಿಂದ ತುಮಕೂರಿಗೆ ಹೋಗುವವರು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಧ್ಯಾನದಲ್ಲಿ ದಾಟಿಬಿಡುವ ಊರು. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ತೋಟಗಾರಿಕೆ ಸಂಶೋಧನೆಯ ಕೇಂದ್ರ, ಆಚೆಗೆ ರೈಲು, ಈಚೆಗೆ ಹೆದ್ದಾರಿ, ದೂರಕ್ಕೆ ದೇವರಾಯನದುರ್ಗದ ಬೆಟ್ಟ. ಮೊದಲು ಹೊಲಕ್ಕೆ ನಡೆದು ಹೋಗುತ್ತಿದ್ದ ಊರು ಈಗ ಫ್ಯಾಕ್ಟರಿಯ ಬಸ್ಸಿಗೆ ಕಾಯುತ್ತದೆ. ಕಾಯುವಾಗ ಒಂದು ಟೀ, ಬಸ್ಸು ತಡವಾದರೆ ಇನ್ನೊಂದು. ಸಕ್ಕರೆ ಕಾಯಿಲೆ ನಮ್ಮೂರಿಗೆ ಹೇಗೆ ಬಂತು ಎಂದು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ದೇಶವಿಡೀ ನಡೆದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ವಯಸ್ಕರಲ್ಲಿ ನೂರಕ್ಕೆ 11.4 ಮಂದಿ. ಹೊಸ್ತಿಲಲ್ಲಿ ನಿಂತವರು ಅದಕ್ಕಿಂತಲೂ ಹೆಚ್ಚು, 13.6 ಕೋಟಿ. ಅಷ್ಟೊಂದು ಜನ ಇರುವಾಗ ನಾಚಿಕೊಳ್ಳಲು ಏನಿದೆ ಎಂದು ನನ್ನ ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಕೇಳುತ್ತಾಳೆ. ಕೋಟಿ ಜನರ ಮುಂದೆ ನಾಚಿಕೆ ಇಲ್ಲ ಕಣೇ, ನಮ್ಮ ಬೀದಿಯ ಹನ್ನೆರಡು ಮನೆಯವರ ಮುಂದೆ ಎಂದು ಅವಳಿಗೆ ಹೇಗೆ ಹೇಳುವುದು?

ಬೀದಿಗೆ ಗೊತ್ತಾದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ನಮ್ಮತ್ತೆಗೆ ಶುಗರ್ ಬಂದಾಗ ನೋಡಿದ್ದೆ. ಮೊದಲನೆಯ ದಿನ ಹಾಗಲಕಾಯಿ ಬಂತು. ಎರಡನೆಯ ದಿನ ಮೆಂತ್ಯ, ಅಮೃತಬಳ್ಳಿ, ನೇರಳೆ ಬೀಜದ ಪುಡಿ. ವಾರದೊಳಗೆ ಮೂರು ಮನೆಯಿಂದ ಇನ್ಸುಲಿನ್ ಗಿಡದ ಸಸಿ. ಅದರ ಎಲೆ ತಿಂದರೆ ಡಾಕ್ಟರು ಬೇಡ ಎನ್ನುವುದು ಬೀದಿಯ ನಂಬಿಕೆ, ಎಲೆಯ ಹೆಸರು ಅಷ್ಟು ಖಚಿತವಾಗಿರುವಾಗ ಯಾರು ಅನುಮಾನಿಸುತ್ತಾರೆ? ಮದುವೆ ಮನೆಯಲ್ಲಿ ಅತ್ತೆಯ ಎಲೆಯ ಹತ್ತಿರ ಬಂದಾಗ ಬಡಿಸುವವರು ದನಿ ತಗ್ಗಿಸಿ, “ಇವರಿಗೆ ಹೋಳಿಗೆ ಬೇಡ” ಎಂದು ಮುಂದಿನ ಎಲೆಗೆ ಹೋಗುತ್ತಿದ್ದರು. ಕೇಳಿದ್ದರೆ ಅವರೇ ಬೇಡ ಅನ್ನುತ್ತಿದ್ದರು. ಕೇಳಲಿಲ್ಲ ಎನ್ನುವುದೇ ಅವರಿಗೆ ಬೇಸರ. ಹಾಗೆಂದು ಗುಡಿಯಲ್ಲಿ ಸಿಹಿ ಪೊಂಗಲಿಗೆ ಕೈಯೊಡ್ಡದಿದ್ದರೆ ಬಿಡುತ್ತಿರಲಿಲ್ಲ. “ತಗಳಿ ಅಮ್ಮಾ, ಪ್ರಸಾದಕ್ಕೆ ಶುಗರ್ ಇಲ್ಲ!”

ಇಷ್ಟೆಲ್ಲ ನೋಡಿದ್ದರಿಂದ ನನಗೆ ಬಂದಾಗ ನಾನು ಯಾರಿಗೂ ಹೇಳದೆ ಮಾತ್ರೆ ನುಂಗತೊಡಗಿದೆ. ಡಾಕ್ಟರು ಮಾತ್ರೆಯ ಜೊತೆಗೆ ವ್ಯಾಯಾಮವನ್ನೂ ಬರೆದುಕೊಟ್ಟರು. ಅವರ ವಿವರಣೆ ನನಗೆ ಹಿಡಿಸಿತು. ರಕ್ತದಲ್ಲಿರುವ ಸಕ್ಕರೆ ಸ್ನಾಯುವಿನೊಳಕ್ಕೆ ಹೋಗಲು ಸಾಮಾನ್ಯವಾಗಿ ಇನ್ಸುಲಿನ್ ಬೇಕು. ಆದರೆ ಸ್ನಾಯು ಕೆಲಸ ಮಾಡುತ್ತಿರುವಾಗ ಇನ್ಸುಲಿನ್ನಿಗೆ ಕಾಯದೆ ತಾನೇ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ವ್ಯಾಯಾಮ ನಿಲ್ಲಿಸಿದ ಮೇಲೂ ಅದರ ಪರಿಣಾಮ ಒಂದು ದಿನದವರೆಗೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. “ವಾರಕ್ಕೆ 150 ನಿಮಿಷ. ಎರಡು ದಿನ ಸತತವಾಗಿ ತಪ್ಪಿಸಬೇಡಿ” ಅಂದರು. ಸರಿ ಎಂದು ಮೊಬೈಲಿನಲ್ಲಿ ಯೋಗದ ವಿಡಿಯೋ ಹಾಕಿಕೊಂಡು ಮನೆಯ ನಡುಮನೆಯಲ್ಲೇ ಶುರುಮಾಡಿದೆ. ಮೊಬೈಲಿನ ಹುಡುಗಿ ವೀರಭದ್ರಾಸನದಲ್ಲಿ ನಿಂತಿರುವಾಗ ನಾನು ಕುಕ್ಕರ್ ಆರಿಸಲು ಹೋಗುತ್ತಿದ್ದೆ. ವಾಪಸು ಬರುವಾಗ ಅವಳು ಮಲಗಿರುತ್ತಿದ್ದಳು, ನಾನೂ ಮಲಗುತ್ತಿದ್ದೆ. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, “ಇವತ್ತು ಬೇಗ ಮುಗೀತಲ್ಲ” ಅನ್ನುತ್ತಿದ್ದರು. ಅವರ ಮುಂದೆ ನಾಚಿಕೊಳ್ಳುವ ಕಾಲ ಎಂದೋ ಮುಗಿದಿತ್ತು. ನಾಚಿಕೆ ಇಲ್ಲದ ಕಡೆ ವ್ಯಾಯಾಮ ನಡೆಯುವುದಿಲ್ಲ ಎನ್ನುವುದು ಆಗಲೇ ಅರ್ಧ ತಿಳಿದದ್ದು.

ಹೀಗೆ ತರಗತಿಗೆ ಸೇರಿದೆ. ಬೆಳಗಿನ ಐದೂವರೆಗೆ. ಯಾಕಿಷ್ಟು ಬೇಗ ಎಂದು ತುಮಕೂರು ಸೀಮೆಯಲ್ಲಿ ಕೇಳುವ ಹಾಗಿಲ್ಲ. ಕೇಳಿದರೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಬೆಳಗಿನ ಜಾವ ಎರಡೂಕಾಲಿಗೆ ಏಳುತ್ತಿದ್ದರು, ನೂರ ಹನ್ನೊಂದು ವರ್ಷ ಬದುಕಿದರು ಎನ್ನುವ ಉತ್ತರ ಬರುತ್ತದೆ; ಅದರ ಮುಂದೆ ಮಾತಿಲ್ಲ. ಸಾಲದ್ದಕ್ಕೆ ಬೆಳಗ್ಗೆ ಐದಕ್ಕೇ ಜನರನ್ನು ಎಬ್ಬಿಸಿ ಉಚಿತವಾಗಿ ಯೋಗ ಮಾಡಿಸುವ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿ 1980ರಲ್ಲಿ ಅ.ರಾ. ರಾಮಸ್ವಾಮಿಯವರಿಂದ ಶುರುವಾದದ್ದೂ ತುಮಕೂರಿನಲ್ಲೇ. ಅಲ್ಲಿಂದ ಅದು ನಾಡಿನ ಎಷ್ಟೋ ಊರುಗಳ ಗುಡಿ, ಶಾಲೆ, ಕಲ್ಯಾಣ ಮಂಟಪಗಳಿಗೆ ಹಬ್ಬಿತು. ನಮ್ಮದು ಅದರ ಶಾಖೆಯೇನಲ್ಲ, ಹಳ್ಳಿಯ ಹೆಂಗಸರೇ ಕೂಡಿಕೊಂಡದ್ದು. ಆದರೆ ಹೊತ್ತಿನ ವಿಷಯದಲ್ಲಿ ಜಿಲ್ಲೆಯ ಸಂಪ್ರದಾಯ ಬಿಟ್ಟಿಲ್ಲ.

ಮೊದಲ ಸಮಸ್ಯೆ ಬಟ್ಟೆಯದು. ಸೀರೆಯಲ್ಲಿ ತ್ರಿಕೋನಾಸನ ಹೇಗೋ ಆದೀತು, ಪವನಮುಕ್ತಾಸನ ಆಗದು. ಚೂಡಿದಾರ್ ಹೊಲಿಸಿದೆ. ಹೈಸ್ಕೂಲಿನ ಮಿಸ್ಸನ್ನು ಮೂವತ್ತು ವರ್ಷ ನೆರಿಗೆಯಲ್ಲೇ ನೋಡಿದ ಬೀದಿ ಚೂಡಿದಾರಿನಲ್ಲಿ ನೋಡಲು ಸಿದ್ಧವಿರಲಿಲ್ಲ, ನಾನೂ ತೋರಿಸಿಕೊಳ್ಳಲು ಸಿದ್ಧವಿರಲಿಲ್ಲ. ಅದಕ್ಕೇ ಮೇಲೊಂದು ಶಾಲು ಹೊದ್ದು, ಕತ್ತಲೆಯಲ್ಲಿ, ಬೀದಿದೀಪ ಇಲ್ಲದ ಕಡೆಯಿಂದ ಹೋಗುತ್ತಿದ್ದೆ. ಡೈರಿಗೆ ಹಾಲು ಹಾಕಲು ಬಂದ ಹುಡುಗ ಯಾರೋ ಕಳ್ಳಿ ಎಂದುಕೊಂಡು ಟಾರ್ಚ್ ಬಿಟ್ಟ. “ಅಯ್ಯೋ, ಮಿಸ್! ನೀವಾ?” ಅಂದ. ಆ ದಿನದಿಂದ ನೆಟ್ಟ ದಾರಿಯಲ್ಲೇ ಹೋಗುತ್ತೇನೆ.

ಎರಡನೆಯದು ಕಾಲಿನದು. ಶುಗರ್ ಇರುವವರು ಬರಿಗಾಲಿನಲ್ಲಿ ಓಡಾಡಬಾರದು, ಪಾದದಲ್ಲಿ ಸ್ಪರ್ಶ ಕಮ್ಮಿಯಾಗಿದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ದಿನಾ ರಾತ್ರಿ ಪಾದ ನೋಡಿಕೊಳ್ಳಬೇಕು, ಚಪ್ಪಲಿ ಮೆಟ್ಟುವ ಮುಂಚೆ ಒಳಗೆ ಕೈಯಾಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ಭವನದ ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಸಾಕ್ಸ್ ಹಾಕಿಕೊಂಡೆ. ರೆಡ್ ಆಕ್ಸೈಡ್ ನೆಲದ ಮೇಲೆ ಸಾಕ್ಸ್ ಹಾಕಿ ವೃಕ್ಷಾಸನ ಮಾಡಿದರೆ ವೃಕ್ಷ ಎಲ್ಲಿ ನಿಲ್ಲುತ್ತದೆ? ಜಾರುತ್ತಾ ಜಾರುತ್ತಾ ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದೆ. “ಮಿಸ್ ಇವತ್ತು ಪ್ರಮೋಷನ್ ತಗಂಡ್ರು” ಎಂದು ಹಿಂದಿನವರು ನಗುತ್ತಿದ್ದರು. ಅಡಿಯಲ್ಲಿ ರಬ್ಬರಿನ ಚುಕ್ಕಿಗಳಿರುವ ಸಾಕ್ಸ್ ಸಿಗುತ್ತದೆ ಎಂದು ಮಗಳು ತರಿಸಿಕೊಟ್ಟ ಮೇಲೆ ನನ್ನ ಪ್ರಮೋಷನ್ ನಿಂತಿತು.

ಮೂರನೆಯದನ್ನು ಹೇಳಲೋ ಬೇಡವೋ. ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಯವರಿಗೆ ಸಾಮಾನ್ಯವಾಗಿ ಮೊದಲು ಕೊಡುವ ಮಾತ್ರೆ ಮೆಟ್‌ಫಾರ್ಮಿನ್. ಬಹಳ ಒಳ್ಳೆಯ ಮಾತ್ರೆ, ಅಗ್ಗದ್ದು, 1957ರಿಂದ ಬಳಕೆಯಲ್ಲಿದೆ. ಯೂರೋಪಿನ ಒಂದು ಕಾಡುಗಿಡದ ಜಾಡು ಹಿಡಿದು ಹೊರಟು ಸಿಕ್ಕಿದ ಔಷಧ ಅದು, ಆದ್ದರಿಂದ ನಮ್ಮ ಬೀದಿಯ ಎಲೆ-ಬೇರು ಪಂಡಿತರೂ ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅದರ ಒಂದು ಉಪದ್ರವವೆಂದರೆ ಕೆಲವರಿಗೆ ಹೊಟ್ಟೆಯಲ್ಲಿ ವಾಯು. ಯೋಗಶಾಸ್ತ್ರದಲ್ಲಿ ಪವನಮುಕ್ತಾಸನ ಎಂಬ ಆಸನವಿದೆ. ಹೆಸರಿಗೆ ತಕ್ಕ ಫಲ ಕೊಡುತ್ತದೆ. ಈ ಎರಡು ವಿಜ್ಞಾನಗಳು ಬೆಳಗಿನ ಐದೂಮುಕ್ಕಾಲರ ನಿಶ್ಶಬ್ದದಲ್ಲಿ ಸಂಧಿಸಿದಾಗ ಏನಾಗಬಹುದೋ ಅದೇ ಆಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಎಲ್ಲರೂ ಏಕಾಏಕಿ ಓಂಕಾರಕ್ಕೆ ತೊಡಗಿದ್ದು ನನಗೆ ಹೆಚ್ಚು ಕಷ್ಟವಾಯಿತು. ನಿಧಾನವಾಗಿ ಕರಗುವ ಮಾತ್ರೆಯೂ ಇದೆ, ಅದನ್ನು ಊಟದ ಜೊತೆಗೆ ತೆಗೆದುಕೊಳ್ಳಿ ಎಂದು ಡಾಕ್ಟರು ಬದಲಿಸಿಕೊಟ್ಟರು. ಇದನ್ನು ಓದುವವರಲ್ಲಿ ಯಾರಾದರೂ ಇದೇ ಕಾರಣಕ್ಕೆ ಮಾತ್ರೆಯನ್ನೋ ತರಗತಿಯನ್ನೋ ಬಿಟ್ಟಿದ್ದರೆ ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ. ಅವರಿಗೆ ಇದು ಹೊಸ ಸುದ್ದಿಯೇನಲ್ಲ.

ಇವೆಲ್ಲ ಮರ್ಯಾದೆಯ ಪ್ರಶ್ನೆ. ಜೀವದ ಪ್ರಶ್ನೆ ಬೇರೆಯದು. ಮೆಟ್‌ಫಾರ್ಮಿನ್ನಿನ ಜೊತೆಗೆ ನನಗೆ ಗ್ಲಿಮಿಪಿರೈಡ್ ಎಂಬ ಇನ್ನೊಂದು ಮಾತ್ರೆಯೂ ಇದೆ. ಅದು ಇನ್ಸುಲಿನ್ ಹೆಚ್ಚಿಸುವ ಮಾತ್ರೆ, ಊಟ ಮಾಡಿದಿರೋ ಬಿಟ್ಟಿರೋ ಎಂದು ವಿಚಾರಿಸುವುದಿಲ್ಲ. ರಾತ್ರಿ ಮಾತ್ರೆ ನುಂಗಿ, ಅರ್ಧ ಮುದ್ದೆ ಉಂಡು ಮಲಗಿ, ಬೆಳಗ್ಗೆ ಬರಿಹೊಟ್ಟೆಯಲ್ಲಿ ಸೂರ್ಯನಮಸ್ಕಾರ ಹಾಕಿದರೆ ಸಕ್ಕರೆ ಮಿತಿಗಿಂತ ಕೆಳಗಿಳಿಯಬಹುದು. ‘ಲೋ ಶುಗರ್’ ಅನ್ನುತ್ತಾರೆ. 70ಕ್ಕಿಂತ ಕೆಳಗೆ ಹೋದರೆ ಸುಮ್ಮನಿರಬಾರದು. ಬೆವರು, ಕೈ ನಡುಕ, ಎದೆ ಡವಡವ, ತಲೆ ತಿರುಗು, ಸಿಟ್ಟು. ಈಗ ನೀವೇ ಹೇಳಿ, ಹನ್ನೆರಡು ಸೂರ್ಯನಮಸ್ಕಾರ ಹಾಕಿದವರಲ್ಲಿ ಯಾರಿಗೆ ಬೆವರು ಬರುವುದಿಲ್ಲ, ಯಾರಿಗೆ ಎದೆ ಹೊಡೆದುಕೊಳ್ಳುವುದಿಲ್ಲ? ತರಗತಿಗೆ ತರಗತಿಯೇ ಲೋ ಶುಗರ್ ಬಂದವರ ಹಾಗೆ ಕಾಣುತ್ತದೆ. ಇನ್ನು ಸಿಟ್ಟು. ನಿವೃತ್ತ ಕನ್ನಡ ಮಿಸ್ಸಿಗೆ ಸಿಟ್ಟು ಬಂದರೆ ಅದನ್ನು ರೋಗದ ಲಕ್ಷಣವೆಂದು ನಮ್ಮೂರಲ್ಲಿ ಒಬ್ಬರಾದರೂ ಶಂಕಿಸುತ್ತಾರೆಯೇ?

ಆದ್ದರಿಂದ ನಾನೇ ನನ್ನನ್ನು ಕಾಯ್ದುಕೊಳ್ಳಬೇಕಿತ್ತು. ಹೊರಡುವ ಮುಂಚೆ ಬೆರಳು ಚುಚ್ಚಿ ನೋಡಿಕೊಳ್ಳುವುದು, ಕಮ್ಮಿ ಇದ್ದರೆ ಅರ್ಧ ಬಾಳೆಹಣ್ಣು ತಿನ್ನುವುದು, ಮ್ಯಾಟಿನ ಚೀಲದಲ್ಲಿ ಸಿಹಿ ಇಟ್ಟುಕೊಳ್ಳುವುದು. ಲೋ ಆದರೆ ಹದಿನೈದು ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ. ಹದಿನೈದು ನಿಮಿಷ ಕೂತು ಮತ್ತೆ ನೋಡಿಕೊಳ್ಳುವುದು. ಸಕ್ಕರೆಯ ಪೊಟ್ಟಣ ಕಂಡರೆ ಯಾರಾದರೂ ಕೇಳಿಯಾರು ಎಂದು ಬೆಲ್ಲದ ನಾಲ್ಕು ಚೂರನ್ನು ಕರ್ಚೀಫಿನ ತುದಿಗೆ ಗಂಟು ಹಾಕಿ ಚೀಲದ ತಳದಲ್ಲಿ ಇಟ್ಟೆ. ಬೆಲ್ಲ ಇದ್ದರೆ ಏನು ಕೇಳುತ್ತಾರೆ, ಹಳ್ಳಿಯಲ್ಲಿ ಬೆಲ್ಲ ಎಲ್ಲಿ ಬೇಕಾದರೂ ಇರಬಹುದು.

ಇರುವೆಗಳಿಗೆ ಈ ಸೂಕ್ಷ್ಮಗಳು ತಿಳಿಯುವುದಿಲ್ಲ. ಒಂದು ದಿನ ಕೊನೆಯ ಶವಾಸನದಲ್ಲಿ, “ನಿಮ್ಮ ಪಾದಗಳು ಸಡಿಲ… ಮೀನಖಂಡ ಸಡಿಲ…” ಎಂದು ಹುಡುಗಿ ಇಂಪಾಗಿ ಹೇಳುತ್ತಿದ್ದಾಗ ಎಡಗಡೆಯ ಅಕ್ಕ ಕಿಟಾರನೆ ಕಿರುಚಿ ಎದ್ದು ಕೂತರು. ಕೆಂಪಿರುವೆ. ಬಾಗಿಲ ಸಂದಿನಿಂದ ಹೊರಟ ಸಾಲು ಗೋಡೆಯ ಅಂಚು ಹಿಡಿದು, ಅವರ ಮ್ಯಾಟಿನ ಮೇಲೆ ಹಾದು, ನನ್ನ ಚೀಲದ ಜಿಪ್ಪಿನೊಳಕ್ಕೆ ಹೋಗುತ್ತಿತ್ತು. ಅತ್ತ ಹೋಗುವವು ಖಾಲಿ, ಇತ್ತ ಬರುವವು ತುಂಬಿದ ಬಾಯಿ. ಎಲ್ಲರೂ ಮ್ಯಾಟು ಬಿಟ್ಟು ಸುತ್ತ ನೆರೆದರು. ಹುಡುಗಿ ಚೀಲ ಕೊಡವಿದಳು. ಕರ್ಚೀಫಿನ ಗಂಟು ಬಿತ್ತು.

“ಇದ್ಯಾಕೆ ಮಿಸ್, ಬೆಲ್ಲ?”

ಸಕ್ಕರೆ ಕಾಯಿಲೆಯ ಪೂರ್ವಲಕ್ಷಣಗಳಲ್ಲಿ ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನೂ ಚರಕಸಂಹಿತೆ ಹೇಳುತ್ತದೆ. ರಕ್ತಪರೀಕ್ಷೆ ಇಲ್ಲದ ಕಾಲದಲ್ಲಿ ಇರುವೆಯೇ ಲ್ಯಾಬು. ಎರಡು ಸಾವಿರ ವರ್ಷ ಕಳೆದ ಮೇಲೂ ಹಿರೇಹಳ್ಳಿಯ ಇರುವೆಗಳು ಆ ವೃತ್ತಿ ಬಿಟ್ಟಿಲ್ಲ ಎಂದು ನನಗೆ ಅನ್ನಿಸಿತು. ಕಷಾಯಕ್ಕೆ ಎನ್ನಲೋ, ಹಸುವಿಗೆ ಎನ್ನಲೋ ಎಂದು ನಾನು ತಡವರಿಸುತ್ತಿರುವಾಗ ಬಲಗಡೆಯವರು, ಇನ್ಸುಲಿನ್ ಪೆನ್ನಿನವರು, ತಮ್ಮ ಚೀಲದಿಂದ ಮುಚ್ಚಳ ಭದ್ರವಾಗಿದ್ದ ಒಂದು ಪುಟ್ಟ ಡಬ್ಬಿ ತೆಗೆದು ನನ್ನ ಮಡಿಲಿಗೆ ಹಾಕಿದರು. ಒಳಗೆ ಗ್ಲೂಕೋಸ್ ಪುಡಿ.

“ಬೆಲ್ಲಕ್ಕೆ ಇರುವೆ ಬತ್ತವೆ ಮಿಸ್. ಇದನ್ನ ಇಟ್ಕಳಿ. ಬೆಲ್ಲಕ್ಕಿಂತ ಬೇಗನೂ ಹತ್ತುತ್ತೆ.”

ಅಷ್ಟೇ ಅಂದದ್ದು. ಆ ಮಾತಿನಲ್ಲಿ ಅವರದೂ ನನ್ನದೂ ಎರಡೂ ಬಯಲಾಯಿತು. ಭವನ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಎಲ್ಲರ ಕಣ್ಣು ಎಡಗಡೆಯ ಅಕ್ಕನ ಕಡೆಗೆ ಹೋಯಿತು. ದಿನಾ ಮೊದಲು ಮಲಗುತ್ತಿದ್ದವರು ಅವರಲ್ಲವೇ, ನಿಮಗೆಷ್ಟಿದೆ ಅಕ್ಕಾ, ಯಾವ ಮಾತ್ರೆ ಎಂದು ಯಾರೋ ಕರುಣೆಯಿಂದ ಕೇಳಿದರು. ಅಕ್ಕ ಇರುವೆ ಕಚ್ಚಿದ ಜಾಗ ಕೆರೆದುಕೊಳ್ಳುತ್ತಾ, “ನನಗೆಂತದೂ ಇಲ್ಲ ಕಣ್ರಮ್ಮಾ. ಕಾಲು ಎತ್ತಕ್ಕಾಗಲ್ಲ, ಅದ್ಕೇ ಮಲ್ಕಂತಿದ್ದೆ” ಅಂದರು. ಆ ಬೆಳಗ್ಗೆ ನಿಜವಾಗಿ ಕೆಂಪಾದ ಮುಖ ಅವರೊಬ್ಬರದೇ.

ಗುಟ್ಟು ರಟ್ಟಾದ ಮೇಲೆ ಬೀದಿಯಲ್ಲಿ ಏನಾಯಿತು ಎಂದರೆ, ನಾನು ಹೆದರಿದ್ದೆಲ್ಲ ಆಯಿತು. ಇನ್ಸುಲಿನ್ ಗಿಡದ ಸಸಿ ಬಂತು, ಈ ಸಲ ಎರಡೇ. ಹಾಗಲಕಾಯಿ ಬಂತು, ಗೊಜ್ಜು ಮಾಡಿದೆ. ಅತ್ತೆಯಷ್ಟು ಬೇಸರವಾಗಲಿಲ್ಲ, ಯಾಕೆಂದರೆ ಅತ್ತೆಗೆ ಕಾಲಯಾಪನೆಗೆ ಜಗಲಿ ಮಾತ್ರ ಇತ್ತು, ನನಗೆ ಐದೂವರೆಯ ತರಗತಿ ಇದೆ. ಅಲ್ಲಿ ಒಮ್ಮೆ ಗೊತ್ತಾದ ಮೇಲೆ ಯಾರೂ ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಮಂಡಿನೋವಿನವರ, ಥೈರಾಯ್ಡಿನವರ ಸರದಿಯೂ ಇರುತ್ತದಲ್ಲ.

ಹಾಗೆಂದು ನನ್ನ ಸಂಕೋಚ ಪೂರ್ತಿ ಹೋಯಿತು ಎಂದು ಹೇಳಲಾರೆ, ಹೋಗಲಿ ಎಂಬ ಆಸೆಯೂ ನನಗಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಧನುರ್ಮಾಸದ ಚಳಿಯಲ್ಲಿ ಐದು ಗಂಟೆಗೆ ಅಲಾರಂ ಹೊಡೆದಾಗ ನನ್ನನ್ನು ರಗ್ಗಿನಿಂದ ಹೊರಗೆಳೆಯುವುದು ಆರೋಗ್ಯದ ಮೇಲಿನ ಪ್ರೀತಿಯಲ್ಲ. ಮೂತ್ರಪಿಂಡ, ಕಣ್ಣು, ನರ ಎಂದು ಡಾಕ್ಟರು ಹೆದರಿಸಿದ ಯಾವುದೂ ಆ ಹೊತ್ತಿನಲ್ಲಿ ನೆನಪಿಗೆ ಬರುವುದಿಲ್ಲ. ನೆನಪಿಗೆ ಬರುವುದು ಎರಡನೆಯ ಸಾಲಿನಲ್ಲಿ ನನ್ನ ಮ್ಯಾಟಿನ ಖಾಲಿ ಜಾಗ, ಅದನ್ನು ನೋಡಿ ಆ ಹುಡುಗಿ ಫೋನ್ ಮಾಡುವುದು. “ಮಿಸ್, ಯಾಕೆ ಬರಲಿಲ್ಲ? ಹೊಟ್ಟೆನೋವಾ?” ಎಷ್ಟು ವಿನಯದಿಂದ ಕೇಳುತ್ತಾಳೆಂದರೆ ಅವಳ ಹಳೆಯ ಚೀಟಿಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬರುತ್ತವೆ. ಬಿದ್ದೆನೋ ಎದ್ದೆನೋ ಎಂದು ಹೊರಡುತ್ತೇನೆ. ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ನಮ್ಮ ಇಲಾಖೆಯ ಹಾಜರಿ ಪುಸ್ತಕ ಇದ್ದ ಹಾಗೆ. ಕೆಂಪು ರಕ್ತಕಣಕ್ಕೆ ಸುಮಾರು ನೂರಿಪ್ಪತ್ತು ದಿನ ಆಯುಸ್ಸು, ಅಷ್ಟು ದಿನ ಸಕ್ಕರೆ ಎಷ್ಟಿತ್ತು ಎನ್ನುವುದು ಅದರ ಮೈಗೆ ಅಂಟಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಅದನ್ನು ಏಮಾರಿಸಲು ಆಗುವುದಿಲ್ಲ. ನನ್ನದು ಇಳಿದಿದೆ. ಮಾತ್ರೆಯಿಂದ ಎಷ್ಟು, ಆಸನದಿಂದ ಎಷ್ಟು ಎಂದು ಡಾಕ್ಟರೇ ಹೇಳಲಾರರು. ನಾಚಿಕೆಯ ಪಾಲೂ ಇದೆ ಎಂದು ನಾನು ಸೇರಿಸಿಕೊಳ್ಳುತ್ತೇನೆ. ಅದು ಹೆಚ್ಚಾದರೆ ಬೆಲ್ಲ ಬಚ್ಚಿಡುತ್ತೇವೆ, ಕಾಯಿಲೆ ಇದ್ದೂ ಕಾಲು ಎತ್ತುತ್ತೇವೆ. ಪೂರ್ತಿ ಹೋದರೆ ನಡುಮನೆಯಲ್ಲಿ ಮೊಬೈಲಿನ ಮುಂದೆ ಮಲಗುತ್ತೇವೆ.

ಅಂದಹಾಗೆ ಈಗ ಬಲಗಡೆಯವರು ಕಾಲು ಎತ್ತುವುದಿಲ್ಲ. ಸಕ್ಕರೆಯಿಂದ ಕಣ್ಣಿನ ಹಿಂದಿನ ಪರದೆಯ ರಕ್ತನಾಳಗಳು ದುರ್ಬಲವಾಗಿದ್ದರೆ ತಲೆಕೆಳಗಾಗುವ ಆಸನಗಳು ಅಪಾಯ ಎಂದು ನನಗೆ ಕಣ್ಣಿನ ಡಾಕ್ಟರು ಹೇಳಿದ್ದನ್ನು ಅವರಿಗೆ ಹೇಳಿದೆ, ಮೊಸರು ವಾಪಸು ಕೊಡಲು ಹೋದಾಗ. ಅವರೂ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಎಡಗಡೆಯ ಅಕ್ಕ ಮಾತ್ರ ಮಾನ ಉಳಿಸಿಕೊಳ್ಳಲೆಂದು ಈಗ ಕಾಲು ಎತ್ತುವ ಪ್ರಯತ್ನದಲ್ಲಿದ್ದಾರೆ. ಗೋಡೆಗೆ ಒರಗಿಸಿ ಎತ್ತಿ ಎಂದು ಹುಡುಗಿ ಹೇಳಿದ್ದಾಳೆ. ಕುರ್ಚಿ, ಹಗ್ಗ, ದಿಂಬು ಹೀಗೆ ಸಿಕ್ಕಿದ್ದನ್ನೆಲ್ಲ ಆಸನಕ್ಕೆ ಆಸರೆ ಮಾಡಿಕೊಟ್ಟವರು ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಚಿಕ್ಕಂದಿನಲ್ಲಿ ರೋಗಿಷ್ಠರಾಗಿದ್ದವರು. ಗಟ್ಟಿಮುಟ್ಟಾದವರಿಗೆ ಕುರ್ಚಿಯ ಆಲೋಚನೆ ಹೊಳೆಯುತ್ತಿತ್ತೋ ಇಲ್ಲವೋ.

ವ್ಯಾಯಾಮದ ಮಾತು ಬಂದಾಗ ಸುಶ್ರುತನನ್ನು ನೆನೆಯದೆ ಇರಲಾಗದು. ಬಡವನಾದ, ದಿಕ್ಕಿಲ್ಲದ ಪ್ರಮೇಹ ರೋಗಿ ಚಪ್ಪಲಿ ಇಲ್ಲದೆ, ಕೊಡೆ ಇಲ್ಲದೆ, ಭಿಕ್ಷೆಯ ಅನ್ನ ಉಂಡುಕೊಂಡು, ಒಂದು ಊರಲ್ಲಿ ಒಂದೇ ರಾತ್ರಿ ತಂಗುತ್ತಾ ನೂರು ಯೋಜನ ನಡೆಯಬೇಕು ಎಂದು ಸುಶ್ರುತಸಂಹಿತೆಯಲ್ಲಿದೆ. ಯೋಜನಕ್ಕೆ ಎಂಟು ಮೈಲಿ ಎಂದು ಹಿಡಿದರೂ ನಮ್ಮೂರ ಹೆದ್ದಾರಿ ಹತ್ತಿ ಹೊರಟರೆ ಹುಬ್ಬಳ್ಳಿ, ಪುಣೆ, ಮುಂಬೈ ದಾಟಿ ಸೂರತ್ತಿನ ಹತ್ತಿರ ಎಲ್ಲೋ ವಾಸಿಯಾಗಬೇಕು. ಬರಿಗಾಲಿನ ಮಾತು ಇಂದಿನ ಡಾಕ್ಟರುಗಳಿಗೆ ಒಪ್ಪಿಗೆಯಾಗುವುದಿಲ್ಲ, ಉಳಿದದ್ದರಲ್ಲಿ ತಥ್ಯವಿದೆ. ಒಂದು ಊರಲ್ಲಿ ಒಂದೇ ರಾತ್ರಿ ಎನ್ನುವ ಕಟ್ಟಳೆ ನನಗೆ ವಿಶೇಷವಾಗಿ ಇಷ್ಟ. ಹಾಗಲಕಾಯಿ ತಂದುಕೊಡುವಷ್ಟು ಪರಿಚಯ ಯಾವ ಊರಲ್ಲೂ ಆಗುವುದಿಲ್ಲ. ಅದೇ ಗ್ರಂಥ ಬ್ರಾಹ್ಮಣನಾದರೆ ವೇದಾಧ್ಯಯನ ಮಾಡಲಿ, ಇತರನಾದರೆ ಬಾವಿ ತೋಡಲಿ ಎಂದೂ ಹೇಳುತ್ತದೆ. ಕಾಯಿಲೆ ಒಂದೇ ಆದರೂ ಗುದ್ದಲಿ ಯಾರ ಕೈಗೆ ಬಂತು ನೋಡಿ. ಸಕ್ಕರೆ ಇಳಿದಿದ್ದರೆ ಅದು ಬಾವಿ ತೋಡಿದವನಿಗೇ ಇಳಿದಿರುತ್ತದೆ ಎನ್ನುವುದೊಂದು ಸಮಾಧಾನ. ನಮ್ಮ ಜಿಲ್ಲೆಯಲ್ಲಂತೂ ನೀರು ಸಿಗುವವರೆಗೆ ತೋಡಬೇಕೆಂದು ಹೇಳಿದರೆ ಶುಗರ್ ಇರುವವರು ಒಬ್ಬರೂ ಉಳಿಯಲಾರರು.

ಪಥ್ಯದ ವಿಷಯದಲ್ಲಿ ನಾನು ಅಷ್ಟು ಗಟ್ಟಿಗಳಲ್ಲ. ಮುದ್ದೆ ಎಷ್ಟು ತಿಂದರೂ ನಡೆಯುತ್ತದೆ ಎನ್ನುವ ನಮ್ಮ ಕಡೆಯ ನಂಬಿಕೆಯನ್ನು ಗ್ಲುಕೋಮೀಟರ್ ಒಪ್ಪಲಿಲ್ಲ. ರಾಗಿಯೂ ಹಿಟ್ಟೇ, ಅಳತೆ ಬೇಕು. ಸೊಪ್ಪಿನ ಸಾರಿನ ಜೊತೆ ಚಿಕ್ಕದೊಂದು ಮುದ್ದೆ ಎಂದು ರಾಜಿಯಾಗಿದೆ. ಹಲಸಿನ ಕಾಲದಲ್ಲಿ ರಾಜಿ ಮುರಿದು ಬೀಳುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಸಿದ್ದಪ್ಪ ಎಂಬ ರೈತರು ನೆಟ್ಟಿದ್ದ ಮರವೊಂದನ್ನು ನಮ್ಮೂರ ತೋಟಗಾರಿಕೆ ಕೇಂದ್ರದವರು ಪತ್ತೆಹಚ್ಚಿ, ಅವರದೇ ಹೆಸರಿನಲ್ಲಿ ‘ಸಿದ್ದು’ ಎಂದು ಕರೆದು, ಸಸಿ ಮಾಡಿ ಹಂಚಿದರು. ಎರಡೂವರೆ ಕಿಲೋದ ಪುಟ್ಟ ಹಣ್ಣು, ತಾಮ್ರದ ಕೆಂಪು ತೊಳೆ. ಲೈಕೋಪೀನ್ ಬಹಳ ಇದೆ, ಆರೋಗ್ಯಕ್ಕೆ ಒಳ್ಳೆಯದು ಅನ್ನುತ್ತಾರೆ. ಅದರಲ್ಲಿ ಇನ್ನೇನು ಬಹಳ ಇದೆ ಎಂದು ನಾಲಗೆಗೆ ಇಟ್ಟ ತಕ್ಷಣ ಗೊತ್ತಾಗುತ್ತದೆ. ಎರಡು ತೊಳೆ ತಿಂದೆ. ಆಮೇಲೆ ತೋಟದ ಸುತ್ತ ಮೂರು ಸುತ್ತು ಹಾಕಿದೆ. ನಮ್ಮ ಯಜಮಾನರು ಉಳಿದ ತೊಳೆಗಳ ಪಾತ್ರೆಗೆ ಮುಚ್ಚಳ ಹಾಕಿ ಅಟ್ಟದ ಮೇಲಿಟ್ಟರು. ನನಗೆ ಸ್ಟೂಲು ಹತ್ತಲು ಬರುತ್ತದೆ ಎನ್ನುವುದನ್ನು ಅವರು ಮರೆತಿದ್ದರು, ಯೋಗದಿಂದ ಸಮತೋಲ ಸುಧಾರಿಸಿದೆ ಎನ್ನುವುದನ್ನೂ.

ಕಳೆದ ಜೂನ್ 21ರಂದು, ಯೋಗ ದಿನಾಚರಣೆಗೆಂದು ನಮ್ಮ ತರಗತಿಯವರೆಲ್ಲ ಟೆಂಪೋ ಮಾಡಿಕೊಂಡು ತುಮಕೂರಿಗೆ ಹೋದೆವು. ಮೈದಾನದಲ್ಲಿ ಮೈಕಿನವರು, “ಬಿಪಿ, ಶುಗರ್ ಇರುವವರು…” ಎಂದು ಶುರುಮಾಡಿದಾಗ ಅಷ್ಟು ದೊಡ್ಡ ಮೈದಾನದಲ್ಲಿ ಎಷ್ಟು ಮಂದಿ ಮಲಗಿದರು ಎಂದು ನಾವೂ ಕತ್ತು ಹೊರಳಿಸಿ ನೋಡಿದೆವು. ವಾಪಸು ಬರುವಾಗ ಕ್ಯಾತ್ಸಂದ್ರದಲ್ಲಿ ಟೆಂಪೋ ನಿಂತಿತು; ಡ್ರೈವರನಿಗೆ ಯಾರೂ ಹೇಳಿರಲಿಲ್ಲ, ಅಲ್ಲಿ ಗಾಡಿಗಳು ತಾವಾಗಿಯೇ ನಿಲ್ಲುತ್ತವೆ. ಒಳಗೆ ಕೂತ ಮೇಲೆ ಚರ್ಚೆ ಹತ್ತಿಕೊಂಡಿತು. ಶುಗರ್ ಇರುವವರಿಗೆ ಬೆಳಗ್ಗೆ ಎರಡು ಇಡ್ಲಿ ಎಂದು ಡಾಕ್ಟರು ಹೇಳಿದ್ದಾರೆ ಸರಿ, ಆದರೆ ಒಂದು ತಟ್ಟೆ ಇಡ್ಲಿಯನ್ನು ಎಷ್ಟು ಇಡ್ಲಿ ಎಂದು ಲೆಕ್ಕ ಹಿಡಿಯುವುದು? ಇನ್ಸುಲಿನ್ ಪೆನ್ನಿನವರು ಎರಡು ಎಂದರು. ಎರಡೂವರೆ ಎಂದು ನಮ್ಮ ಶಿಕ್ಷಕಿ. ಹೆಸರಿನಲ್ಲಿ ಒಂದು ತಟ್ಟೆ ಎಂದಿರುವುದರಿಂದ ಅದು ಒಂದೇ ಎಂದು ನಾನು ವಾದಿಸಿದೆ. “ಮಿಸ್, ಅದು ವ್ಯಾಕರಣ, ಇದು ಅಕ್ಕಿ” ಅಂದಳು ಹುಡುಗಿ. ಅಷ್ಟರಲ್ಲಿ ಸಪ್ಲೈಯರ್ ಬಂದು, “ಏನ್ ಕೊಡ್ಲಿ ಅಮ್ಮಾ, ಬೆಣ್ಣೆ ಹಾಕ್ಲಾ?” ಎಂದು ಕೇಳಿದ. ಎಡಗಡೆಯ ಅಕ್ಕ, ಎಂತದೂ ಇಲ್ಲದವರು, ನಮ್ಮಿಬ್ಬರ ಕಡೆ ಬೆರಳು ತೋರಿಸಿ, “ಇವರಿಗೆ ಒಂದೊಂದು, ಬೆಣ್ಣೆ ಬೇಡ, ಚಟ್ನಿ ಜಾಸ್ತಿ ಕೊಡಪ್ಪಾ. ನನಗೆ ಮೂರು” ಅಂದರು.